ಮೊದಲು ಬ್ರೇಕು ನೋಡಿ ಸ್ವಾಮಿ!

ಹಳೇ ಪಿಕಪ್ ತಂದು ಮನೆ ಅಂಗಳದಲ್ಲೇ ಬಿಚ್ಚಿ ಕೂರೋರನ್ನ ಕಂಡ್ರೆ ನಂಗೆ ಭಾರೀ ಖುಷಿ. ಆದ್ರೆ ಇರೋ ದುಡ್ಡೆಲ್ಲ ದಪ್ಪ ಟೈರು, ಎಲ್‌ಇಡಿ ಲೈಟಿಗೆ ಸುರಿಯೋದು ಯಾವ ಸೀಮೆ ಅಪ್‌ಗ್ರೇಡು?

ಟೈರಿನ ವ್ಯಾಸ 10% ಜಾಸ್ತಿಯಾದ್ರೆ, ಪೆಡಲ್ ಅಷ್ಟೇ ಒತ್ತಿದ್ರೂ ಗಾಡಿಯನ್ನ ತಡೆಯೋ ಬಲ ಸುಮಾರು 9% ಕಮ್ಮಿ. ಸ್ಪೀಡೋಮೀಟರು 50 ಅನ್ನುತ್ತೆ, ಓಡ್ತಿರೋದು 55! ಇನ್ನು ತೀರಾ ಹಳೇ ಗಾಡಿಗಳದ್ದು ಸಿಂಗಲ್ ಸರ್ಕ್ಯೂಟ್ ಬ್ರೇಕು.. ಒಂದು ಪೈಪ್ ಒಡೆದ್ರೆ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ.

ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತು? ಹೊಸದಾಗಿದ್ದಾಗ 205 ಡಿಗ್ರಿ ತಡೆಯೋ ಡಾಟ್ 3, ತೇವ ಹೀರ್ಕೊಂಡು 140ರ ಹತ್ರಕ್ಕೆ ಇಳಿದಿರುತ್ತೆ. ಆಗುಂಬೆ ಘಾಟಿ ಇಳಿಯುವಾಗ ಅದು ಕುದ್ರೆ ಪೆಡಲ್ ಸೀದಾ ನೆಲಕ್ಕೆ.

"ಡಿಸ್ಕ್ ಹಾಕ್ಸೋಕೆ ಆರ್‌ಟಿಓ ಬಿಡಲ್ಲ" ಅಂತೀರಾ? ಹೊಸ ಶೂ, ಹೊಸ ಹೋಸು, ಹೊಸ ಆಯಿಲ್ಲಿಗೆ ಯಾವ ಆರ್‌ಟಿಓ ಅಪ್ಪಣೆ ಬೇಕು ಮಾರಾಯ್ರೆ?