ಜಾರುವ ದಾರಿಯಲ್ಲಿ ಚಪ್ಪಾಳೆ ತಟ್ಟಿದವರು

1977ರಲ್ಲಿ ಕುವೈತ್ ಟೆಲಿವಿಷನ್ 13 ಕಂತುಗಳ ಒಂದು ಹಾಸ್ಯ ಧಾರಾವಾಹಿಯನ್ನು ಪ್ರಸಾರ ಮಾಡಿತು. ಅದರ ಹೆಸರು ‘ದರ್ಬ್ ಅಲ್ ಜಲಕ್’. ಕನ್ನಡದಲ್ಲಿ ಹೇಳುವುದಾದರೆ, ಜಾರುವ ದಾರಿ. ಅಬ್ದುಲ್ ಹುಸೇನ್ ಅಬ್ದುಲ್ ರಿದಾ ಮತ್ತು ಸಾದ್ ಅಲ್ ಫರಾಜ್ ಅದರಲ್ಲಿ ಹುಸೇನ್ ಮತ್ತು ಸಾದ್ ಎಂಬ ಅಣ್ಣತಮ್ಮಂದಿರಾಗಿ ನಟಿಸಿದ್ದಾರೆ. ಹಳೆಯ ಊರಿನ ಅವರ ಮನೆಯನ್ನು ಸರ್ಕಾರ ವಶಪಡಿಸಿಕೊಂಡು ದೊಡ್ಡ ಮೊತ್ತದ ಪರಿಹಾರ ಕೊಡುತ್ತದೆ. ನಿನ್ನೆಯವರೆಗೆ ಬಡವರಾಗಿದ್ದವರು ಬೆಳಗಾಗುವುದರೊಳಗೆ ಉದ್ಯಮಿಗಳಾಗಿಬಿಡುತ್ತಾರೆ, ಒಂದಾದ ಮೇಲೊಂದು ವ್ಯಾಪಾರಕ್ಕೆ ಕೈಹಾಕಿ ಕೈಸುಟ್ಟುಕೊಳ್ಳುತ್ತಾರೆ. ಇಲ್ಲಿನ ಜನ ಆ ಧಾರಾವಾಹಿಯ ಮಾತುಗಳನ್ನು ಇಂದಿಗೂ ಗಾದೆಗಳಂತೆ ಬಳಸುತ್ತಾರೆ. 2017ರ ಆಗಸ್ಟಿನಲ್ಲಿ ಅಬ್ದುಲ್ ರಿದಾ ಲಂಡನ್ನಿನಲ್ಲಿ ತೀರಿಕೊಂಡಾಗ ಇಡೀ ಕೊಲ್ಲಿ ಪ್ರದೇಶ ಮರುಗಿತು. ಆತ ಶಿಯಾ, ಆತನಿಗಾಗಿ ಪ್ರಾರ್ಥಿಸಕೂಡದು ಎಂದ ಸೌದಿಯ ಧರ್ಮಬೋಧಕನೊಬ್ಬನನ್ನು ಅಲ್ಲಿನ ಅಧಿಕಾರಿಗಳೇ ವಿಚಾರಣೆಗೆ ಕರೆಸಿಕೊಂಡರು. ನಗಿಸಿದವನೊಬ್ಬನಿಗೆ ಇಂಥ ಗೌರವ ಸಲ್ಲುವುದು ಅಪರೂಪ.

ಇದನ್ನು ಈಗ ನೆನೆಯಲು ಕಾರಣವಿದೆ. ತಂತ್ರಜ್ಞಾನ ಕ್ಷೇತ್ರದ ನವೋದ್ಯಮಗಳ ಮೋಸವನ್ನು ಕುರಿತ ಧಾರಾವಾಹಿ ಈಗ ಒಂದು ಪ್ರತ್ಯೇಕ ಪ್ರಕಾರವೇ ಆಗಿಬಿಟ್ಟಿದೆ. 2022ರ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ಕೆಲವೇ ವಾರಗಳಲ್ಲಿ ಅಮೆರಿಕದಿಂದ ಇಂಥ ಮೂರು ಬಂದವು: ಉಬರ್ ಕುರಿತ ‘ಸೂಪರ್ ಪಂಪ್ಡ್’, ಥೆರನೋಸ್ ಕುರಿತ ‘ದಿ ಡ್ರಾಪ್‌ಔಟ್’, ವಿವರ್ಕ್ ಕುರಿತ ‘ವಿಕ್ರ್ಯಾಶ್ಡ್’. ಈ ಮೂರು ಕಂಪನಿಗಳ ಪೈಕಿ ಸ್ಥಾಪಕಿಯ ಮೇಲಿನ ವಂಚನೆಯ ಆರೋಪ ನ್ಯಾಯಾಲಯದಲ್ಲಿ ಸಾಬೀತಾದುದು ಥೆರನೋಸ್‌ನಲ್ಲಿ ಮಾತ್ರ. ಬೆರಳ ತುದಿಯ ಕೆಲವು ಹನಿ ರಕ್ತದಿಂದ ನೂರಾರು ಪರೀಕ್ಷೆ ಮಾಡಬಲ್ಲೆವೆಂದು ನಂಬಿಸಿ, 9 ಶತಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡ ಎಲಿಜಬೆತ್ ಹೋಮ್ಸ್‌ಗೆ ಅದೇ ವರ್ಷದ ನವೆಂಬರಿನಲ್ಲಿ 11 ವರ್ಷಕ್ಕೂ ಮಿಕ್ಕಿದ ಸೆರೆವಾಸದ ಶಿಕ್ಷೆಯಾಯಿತು. ಮೂರರಲ್ಲೂ ನಟನೆ ಚೆನ್ನಾಗಿದೆ, ವ್ಯಂಗ್ಯವೂ ಇದೆ. ಆದರೆ ಮೂರಕ್ಕೂ ತಮ್ಮ ಸ್ಥಾಪಕರ ಮೇಲೆ ಒಳಗೊಳಗೇ ಮೋಹವಿದೆ. ಅವರ ಉಡುಪು, ಕೃತಕ ಕಂಠ, ಬಾಲ್ಯದ ಗಾಯ, ದಾಂಪತ್ಯ, ಇವುಗಳ ಸುತ್ತಲೇ ಕ್ಯಾಮೆರಾ ಸುತ್ತುತ್ತದೆ. ಒಬ್ಬ ವಿಲಕ್ಷಣ ವ್ಯಕ್ತಿ ಲೋಕವನ್ನೆಲ್ಲ ಮರುಳುಮಾಡಿದ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಮರುಳಾದ ಲೋಕಕ್ಕೆ ಅದರಲ್ಲಿ ಏನು ಲಾಭವಿತ್ತೆಂಬ ಪ್ರಶ್ನೆ ಹಿನ್ನೆಲೆಗೆ ಸರಿಯುತ್ತದೆ. ಆ ದೃಷ್ಟಿಯಿಂದ 2014ರಿಂದ 2019ರವರೆಗೆ ಬಂದ ‘ಸಿಲಿಕಾನ್ ವ್ಯಾಲಿ’ಯೇ ಮೇಲು. ಅದರಲ್ಲಿ ಪ್ರತಿಯೊಬ್ಬನೂ ಲೋಕೋದ್ಧಾರದ ಮಾತಾಡುತ್ತಲೇ ಪಕ್ಕದವನ ಜೇಬಿನ ಮೇಲೆ ಕಣ್ಣಿಟ್ಟಿರುತ್ತಾನೆ.

ಕುವೈತಿನ ವಿಡಂಬನೆ ಈ ಮೋಹಕ್ಕೆ ಬೀಳಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬೀಳಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಇಲ್ಲಿ ನಡೆದುದು ಊರಿಗೆ ಊರೇ ಕೂಡಿ ಆಡಿದ ಆಟ. ‘ದರ್ಬ್ ಅಲ್ ಜಲಕ್’ ಬಂದ ವರ್ಷವೇ ಇಲ್ಲಿನ ಅಧಿಕೃತ ಷೇರುಪೇಟೆ ಕುಸಿದಿತ್ತು. ಸರ್ಕಾರ ತಾನೇ ಷೇರು ಕೊಂಡು ವ್ಯಾಪಾರಿಗಳನ್ನು ದಡ ಸೇರಿಸಿತು. ಬಿದ್ದರೆ ಎತ್ತಲು ಸರ್ಕಾರವಿದೆ ಎಂಬ ಪಾಠವನ್ನು ಜನ ಚೆನ್ನಾಗಿಯೇ ಕಲಿತರು. ಅನಂತರ ಹಿಂದೊಮ್ಮೆ ಒಂಟೆ ವ್ಯಾಪಾರ ನಡೆಯುತ್ತಿದ್ದ ಜಾಗದಲ್ಲಿ ಎದ್ದ, ಹವಾನಿಯಂತ್ರಿತ ಕಟ್ಟಡವೊಂದರಲ್ಲಿ ಪರ್ಯಾಯ ಷೇರುಪೇಟೆ ಹುಟ್ಟಿಕೊಂಡಿತು. ಅದೇ ಸೂಕ್ ಅಲ್ ಮನಾಖ್. ‘ಮನಾಖ್’ ಎಂದರೆ ಒಂಟೆಗಳು ಮಂಡಿಯೂರಿ ಕೂರುವ ತಾಣ. ಬಹರೈನ್ ಮತ್ತು ಎಮಿರೇಟ್ಸ್‌ಗಳಲ್ಲಿ ನೋಂದಣಿಯಾಗಿದ್ದ, ಕೆಲವಂತೂ ಕಾಗದದ ಮೇಲಷ್ಟೇ ಇದ್ದ ಕಂಪನಿಗಳ ಷೇರುಗಳು ಅಲ್ಲಿ ಕೈ ಬದಲಾಯಿಸುತ್ತಿದ್ದವು. ಆ ಕಂಪನಿಗಳು ಏನು ಮಾಡುತ್ತವೆಂದು ಕೇಳುವವರು ವಿರಳ, ನಾಳೆ ಅವುಗಳ ಬೆಲೆ ಎಷ್ಟೆಂದು ಕೇಳುವವರೇ ಎಲ್ಲ. ಹಣ ಕೊಡುತ್ತಿದ್ದುದು ಮುಂದಿನ ದಿನಾಂಕ ಹಾಕಿದ ಚೆಕ್ಕುಗಳ ರೂಪದಲ್ಲಿ. ಕಾನೂನಿನ ಪ್ರಕಾರ ಅಂಥ ಚೆಕ್ಕನ್ನು ಯಾವತ್ತು ಬೇಕಾದರೂ ಬ್ಯಾಂಕಿಗೆ ಹಾಕಬಹುದಿತ್ತು. ಹಾಕದೆ ಕಾಯುವುದು ಪರಸ್ಪರ ಮರ್ಯಾದೆಯೆನಿಸಿತ್ತು. 1982ರ ಆಗಸ್ಟಿನಲ್ಲಿ ಆ ಮರ್ಯಾದೆ ಮುರಿಯಿತು, ಚೆಕ್ಕು ಹಿಂದಿರುಗಿತು. ಲೆಕ್ಕ ಹಾಕಿದಾಗ ಸಿಕ್ಕ ಚೆಕ್ಕುಗಳು ಸುಮಾರು 29,000, ಅವುಗಳ ಮೊತ್ತ ಸುಮಾರು 94 ಶತಕೋಟಿ ಡಾಲರ್. ದೇಶದ ವಾರ್ಷಿಕ ಉತ್ಪನ್ನದ ಹಲವು ಪಟ್ಟು. ಅತಿ ದೊಡ್ಡ ಸಾಲಗಾರನಾಗಿ ಹೆಸರಾದವನು ಪಾಸ್‌ಪೋರ್ಟ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಒಬ್ಬ ಯುವಕ.

ಮರುವರ್ಷವೇ, 1983ರಲ್ಲಿ, ಅದೇ ಅಬ್ದುಲ್ ರಿದಾ ‘ಫುರ್ಸಾನ್ ಅಲ್ ಮನಾಖ್’ ಎಂಬ ನಾಟಕದೊಂದಿಗೆ ರಂಗಕ್ಕೆ ಬಂದರು. ಹೆಸರಿನ ಅರ್ಥ ಮನಾಖಿನ ಅಶ್ವವೀರರು. ದಿವಾಳಿಯ ಲೆಕ್ಕಾಚಾರ ಇನ್ನೂ ಮುಗಿದಿರಲಿಲ್ಲ, ಗಾಯ ಹಸಿಯಾಗಿಯೇ ಇತ್ತು. ಹಣ ಕಳೆದುಕೊಂಡವರ ನಾಡಿನಲ್ಲೇ, ಅವರ ಮುಂದೆಯೇ, ಅವರ ದುರಾಸೆಯನ್ನೇ ಆಡಿತೋರಿಸುವ ಧೈರ್ಯ ಆ ರಂಗಭೂಮಿಗಿತ್ತು.

ವಿಚಿತ್ರವೆಂದರೆ ಕನ್ನಡವೂ ಅದೇ 1983ರಲ್ಲಿ ಇಂಥದೇ ಒಂದು ಕೃತಿಯನ್ನು ಕೊಟ್ಟಿತು. ಆರ್. ಕೆ. ನಾರಾಯಣ್ 1952ರಲ್ಲಿ ಬರೆದ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಕಾದಂಬರಿಯನ್ನು ಟಿ. ಎಸ್. ನಾಗಾಭರಣ ‘ಬ್ಯಾಂಕರ್ ಮಾರ್ಗಯ್ಯ’ ಎಂದು ತೆರೆಗೆ ತಂದರು, ಮಾರ್ಗಯ್ಯನಾಗಿ ಲೋಕೇಶ್. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಮಾರ್ಗಯ್ಯನ ಕಥೆಯನ್ನು ಇಂದಿನ ಭಾಷೆಯಲ್ಲಿ ಹೇಳಿನೋಡಿ. ಸಹಕಾರಿ ಬ್ಯಾಂಕಿನ ಎದುರು ಮರದಡಿ ತಗಡಿನ ಪೆಟ್ಟಿಗೆಯಿಟ್ಟುಕೊಂಡು, ರೈತರಿಗೆ ಸಾಲದ ಅರ್ಜಿ ತುಂಬಿಕೊಡುವವನು ಅವನು. ಬ್ಯಾಂಕಿಗೂ ಬಡವನಿಗೂ ನಡುವಿನ ಅಂತರವನ್ನು ಕಂಡುಕೊಂಡು ಅದರಲ್ಲೇ ವ್ಯಾಪಾರ ಹುಡುಕಿದವನು. ಇಂದಾದರೆ ಅದಕ್ಕೆ ‘ಪ್ಲಾಟ್‌ಫಾರ್ಮ್’ ಎನ್ನುತ್ತಿದ್ದರು. ಮುಂದೆ ಅವನೇ ಠೇವಣಿ ಸಂಗ್ರಹಿಸತೊಡಗುತ್ತಾನೆ. ಹೊಸಬರ ಹಣದಿಂದ ಹಳಬರಿಗೆ ಬಡ್ಡಿ ಕೊಡುತ್ತಾನೆ. ಒಂದು ಜಗಳ, ಒಂದು ಗಾಳಿಮಾತು, ಮನೆಯ ಮುಂದೆ ಜನಜಂಗುಳಿ. ಎಲ್ಲವೂ ಒಂದೇ ದಿನದಲ್ಲಿ ಕರಗುತ್ತದೆ. ಆ ಜಂಗುಳಿ ಮುಗ್ಧವೆಂದು ನಾರಾಯಣ್ ಎಲ್ಲಿಯೂ ನಟಿಸುವುದಿಲ್ಲ. ಅಷ್ಟು ಬಡ್ಡಿ ಎಲ್ಲಿಂದ ಬರುತ್ತದೆಂದು ಅವರಲ್ಲಿ ಯಾರೂ ಕೇಳಿರಲಿಲ್ಲ.

ಅನಂತರದ ನಾಲ್ಕು ದಶಕಗಳಲ್ಲಿ ಬೆಂಗಳೂರು ಭಾರತದ ನವೋದ್ಯಮಗಳ ರಾಜಧಾನಿಯಾಯಿತು. ಕನ್ನಡದ ಕಿರುತೆರೆಗೆ ಮಾತ್ರ ಇದು ಸಂಬಂಧಿಸಿದ ವಿಷಯವೇ ಅಲ್ಲ ಎಂಬಂತಿದೆ. ಕಚ್ಚಾವಸ್ತುವಿಗೆ ಬರವಿದೆಯೇ? ಬೆಂಗಳೂರಿನ ಬೈಜೂಸ್ ಕಂಪನಿ 2020ರಲ್ಲಿ ಕೊಂಡ ವೈಟ್‌ಹ್ಯಾಟ್ ಜೂನಿಯರ್ ನೆನಪಿರಬಹುದು. ಅದರ ಜಾಹೀರಾತುಗಳಲ್ಲಿ ವುಲ್ಫ್ ಗುಪ್ತ ಎಂಬ ಬಾಲಕನಿದ್ದ. ಕೋಡಿಂಗ್ ಕಲಿತು ಗೂಗಲ್‌ನಲ್ಲಿ ಕೋಟಿಗಟ್ಟಲೆ ಸಂಬಳ ಪಡೆದವನಂತೆ. ಒಂದೊಂದು ಜಾಹೀರಾತಿನಲ್ಲಿ ಅವನಿಗೆ ಒಂದೊಂದು ವಯಸ್ಸು, ಒಂದೊಂದು ಸಂಬಳ. ಅವನು ಹುಟ್ಟಿಯೇ ಇರಲಿಲ್ಲ. ಕಾಲ್ಪನಿಕ ಪಾತ್ರವೆಂದು ಕಂಪನಿಯೇ ಕೊನೆಗೆ ಒಪ್ಪಿತು. ಟೀಕಿಸಿದವರೊಬ್ಬರ ಮೇಲೆ 20 ಕೋಟಿ ರೂಪಾಯಿಯ ಮಾನನಷ್ಟ ಮೊಕದ್ದಮೆ ಹೂಡಿ, ಮುಂದಿನ ವರ್ಷ ಹಿಂತೆಗೆದುಕೊಂಡಿತು. ಇದಕ್ಕಿಂತ ಹೆಚ್ಚಿನದನ್ನು ಯಾವ ವಿಡಂಬನಕಾರ ಬರೆಯಬಲ್ಲ? 2022ರಲ್ಲಿ ಬೈಜೂಸ್‌ನ ಬೆಲೆ 22 ಶತಕೋಟಿ ಡಾಲರ್ ಎಂದಾಯಿತು. ಕತಾರಿನ ವಿಶ್ವಕಪ್ ಫುಟ್ಬಾಲಿನ ಮೈದಾನದ ಅಂಚಿನಲ್ಲಿ ಅದರ ಹೆಸರು ಹೊಳೆಯಿತು. ಅದೇ ಋತುವಿನಲ್ಲಿ 2,500 ನೌಕರರನ್ನು ತೆಗೆಯುವ ಘೋಷಣೆಯೂ ಬಂತು. 2023ರ ಜೂನಿನಲ್ಲಿ ಲೆಕ್ಕಪರಿಶೋಧಕರು ರಾಜೀನಾಮೆ ಕೊಟ್ಟರು. 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ 158 ಕೋಟಿ ರೂಪಾಯಿಯ ಬಾಕಿಗಾಗಿ, ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ಅದರ ವಿರುದ್ಧ ದಿವಾಳಿ ಪ್ರಕ್ರಿಯೆಯನ್ನು ಆರಂಭಿಸಿತು. ವಂಚನೆಯ ಆರೋಪವನ್ನು ಸ್ಥಾಪಕರು ನಿರಾಕರಿಸುತ್ತಾರೆ. ಅದನ್ನು ತೀರ್ಮಾನಿಸಬೇಕಾದುದು ನ್ಯಾಯಾಲಯ. ಆದರೆ ವಿಡಂಬನೆ ತೀರ್ಪಿಗಾಗಿ ಕಾಯಬೇಕಿಲ್ಲ.

ಕಾನೂನಿನ ಭಯ ನಿಜ. ಭಾರತದ ಉದ್ಯಮಿಗಳನ್ನು ಕುರಿತ ನೆಟ್‌ಫ್ಲಿಕ್ಸ್‌ನ ‘ಬ್ಯಾಡ್ ಬಾಯ್ ಬಿಲಿಯನೇರ್ಸ್’ ಸಾಕ್ಷ್ಯಚಿತ್ರ ಸರಣಿಗೆ 2020ರಲ್ಲಿ ನ್ಯಾಯಾಲಯಗಳು ತಡೆ ನೀಡಿದವು. ಕೊನೆಗೆ ಅದು ಬಂದಾಗ ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಕುರಿತ ಕಂತು ಅದರಲ್ಲಿರಲಿಲ್ಲ. 2009ರಲ್ಲಿ ತಾವೇ ಪತ್ರ ಬರೆದು ಲೆಕ್ಕ ತಿದ್ದಿದ್ದನ್ನು ಒಪ್ಪಿಕೊಂಡವರ ಕಥೆಯನ್ನೂ ತೋರಿಸುವಂತಿಲ್ಲವಾದರೆ ಉಳಿದವರ ಮಾತೇನು? ಆದರೂ ಕನ್ನಡದ ಮೌನಕ್ಕೆ ಕಾನೂನೊಂದೇ ಕಾರಣವೆನ್ನಲು ನಮಗೆ ಮನಸ್ಸಾಗದು. ಮಾರ್ಗಯ್ಯನಂತೆ ಕಲ್ಪಿತ ಹೆಸರಿನಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಇನ್ನೊಂದು ಕಾರಣ ಕೊಲ್ಲಿಯ ಕನ್ನಡಿಗರಾದ ನಮಗೆ ಹತ್ತಿರದ್ದು. ಉಡುಪಿಯಿಂದ 1973ರಲ್ಲಿ ಅಬುಧಾಬಿಗೆ ಬಂದ ಬಿ. ಆರ್. ಶೆಟ್ಟಿಯವರ ಏಳಿಗೆ ನಮ್ಮ ಸಭೆಗಳ ಅಚ್ಚುಮೆಚ್ಚಿನ ಕಥೆಯಾಗಿತ್ತು. ಅವರ ಎನ್‌ಎಂಸಿ ಆಸ್ಪತ್ರೆ ಸಮೂಹ 2012ರಲ್ಲಿ ಲಂಡನ್ ಷೇರುಪೇಟೆ ಸೇರಿತು. ಯುಎಇ ಎಕ್ಸ್‌ಚೇಂಜನ್ನು ಒಳಗೊಂಡ ಫಿನಾಬ್ಲರ್ 2019ರಲ್ಲಿ, ತಂತ್ರಜ್ಞಾನದ ಹೊಸ ಉಡುಪು ತೊಟ್ಟು, ಅದೇ ಪೇಟೆಗೆ ಹೋಯಿತು. ಆ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಸಂಸ್ಥೆಯ ವರದಿ ಬಂತು. ನಾಲ್ಕು ತಿಂಗಳೊಳಗೆ ಎನ್‌ಎಂಸಿ ಆಡಳಿತಾಧಿಕಾರಿಗಳ ಕೈಸೇರಿತು. ಲೆಕ್ಕದಲ್ಲಿ ತೋರಿಸದ ಸಾಲ 4 ಶತಕೋಟಿ ಡಾಲರಿಗೂ ಮಿಕ್ಕಿತ್ತು. ತಾವೇ ವಂಚನೆಗೊಳಗಾದವರೆಂದು ಶೆಟ್ಟಿಯವರು ಹೇಳುತ್ತ ಬಂದಿದ್ದಾರೆ, ವ್ಯಾಜ್ಯಗಳು ಹಲವು ದೇಶಗಳಿಗೆ ಹಬ್ಬಿವೆ. ನಮ್ಮ ಪ್ರಶ್ನೆ ಅವರ ಬಗೆಗಲ್ಲ. ಲಂಡನ್ನಿನ ಬ್ಯಾಂಕುಗಳು, ಹೆಸರಾಂತ ಲೆಕ್ಕಪರಿಶೋಧಕರು ಕಾಣಲಿಲ್ಲವೆಂದದ್ದನ್ನು ನಮ್ಮ ಸಂಘಗಳು ಕಾಣಬೇಕಿತ್ತೆಂದೂ ಅಲ್ಲ. ಆದರೆ ಶಾಲು, ಪೇಟ, ಫಲತಾಂಬೂಲಗಳ ನಮ್ಮ ಸನ್ಮಾನದ ವೇದಿಕೆಯೇ ಒಂದು ಬಗೆಯ ಜಾಮೀನಾಗಿ ಕೆಲಸ ಮಾಡುತ್ತದೆ. ವೇದಿಕೆಯ ಮೇಲಿರುವವನನ್ನು ನಂಬಿ ಹಿಂದಿನ ಸಾಲಿನ ಚಾಲಕನೋ ನರ್ಸೋ ತಮ್ಮ ದಿನಾರುಗಳನ್ನು ಯಾವುದೋ ‘ಅವಕಾಶ’ಕ್ಕೆ ಕೊಡುತ್ತಾರೆ. ಇದನ್ನು ಬರೆಯಹೊರಟರೆ ಚಪ್ಪಾಳೆ ತಟ್ಟಿದವರನ್ನೂ ಬರೆಯಬೇಕಾಗುತ್ತದೆ. ಅಬ್ದುಲ್ ರಿದಾ ಬರೆದದ್ದು, ಆಡಿದ್ದು ಅವರನ್ನೇ.

ಮತ್ತೊಂದು ಪಾತ್ರವನ್ನು ಅಮೆರಿಕದ ಧಾರಾವಾಹಿಗಳಾಗಲಿ ಕುವೈತಿನ ಹಾಸ್ಯವಾಗಲಿ ಬರೆಯಲಾರವು, ಕನ್ನಡವೇ ಬರೆಯಬೇಕು. ಅದು ಕೆಲಸದವನ ಪಾತ್ರ. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಮುಳುಗಿದರೆ ಅಲ್ಲಿಯವನು ಇನ್ನೊಂದು ಕೆಲಸ ಹುಡುಕಬಹುದು. ಕುವೈತಿನ ಖಾಸಗಿ ವಲಯದಲ್ಲಿ 18ನೇ ವಿಧಿಯ ವೀಸಾದ ಮೇಲಿರುವವನ ಇಖಾಮಾ ಒಡೆಯನಿಗೆ ಕಟ್ಟಿಹಾಕಲ್ಪಟ್ಟಿದೆ. ಕಂಪನಿಯ ಕಡತ ಮುಚ್ಚಿದರೆ ಅವನ ವಾಸದ ಹಕ್ಕೂ ಅಲುಗಾಡುತ್ತದೆ. ಸಂಬಳ ಬಾಕಿಯಿರುವಾಗಲೇ ವಿಮಾನದ ಟಿಕೆಟಿಗೆ ಸಾಲ ಮಾಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಇದಕ್ಕೆ ಬೇರೆಯೇ ರೂಪ. 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ನಿನ ಪ್ರಕಾರ, ಕಂಪನಿಯ ಆಸ್ತಿ ಹಂಚುವಾಗ ‘ಕಾರ್ಮಿಕ’ರ 24 ತಿಂಗಳ ಬಾಕಿಗೆ ಭದ್ರತೆ ಪಡೆದ ಸಾಲಗಾರರ ಜೊತೆಗೇ ಜಾಗ, ಉಳಿದ ‘ನೌಕರ’ರ 12 ತಿಂಗಳ ಬಾಕಿಗೆ ಅವರ ಹಿಂದೆ. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡು, ತಾನು ಕಾರ್ಮಿಕನಲ್ಲವೆಂದು ಹೆಮ್ಮೆಪಟ್ಟು, ಸಂಘ ಕಟ್ಟುವವರನ್ನು ಕಂಡು ನಕ್ಕಿದ್ದ ಯುವಕನೊಬ್ಬ ಆ ಹಿಂದಿನ ಸಾಲಿನಲ್ಲಿ ನಿಂತಿರುತ್ತಾನೆ. ಕೈಯಲ್ಲಿ ಹಕ್ಕುಬಾಧ್ಯತೆಯ ಅರ್ಜಿ. ಅದನ್ನು ತುಂಬಿಕೊಡಲು ನ್ಯಾಯಮಂಡಳಿಯ ಹೊರಗೆ, ತಗಡಿನ ಪೆಟ್ಟಿಗೆಯಿಟ್ಟುಕೊಂಡು, ಯಾರೋ ಕೂತಿದ್ದಾರೆ.