ಆಟಕ್ಕೆ ಎರಡು ಹಗ್ಗ, ದುಡಿಮೆಗೆ ಒಂದೂ ಬೇಡವೇ?

ಮರಗಳ ಮೇಲೆ ಹಗ್ಗದ ಸೇತುವೆ ಕಟ್ಟಿ, ಒಂದು ಮರದಿಂದ ಇನ್ನೊಂದಕ್ಕೆ ಉಕ್ಕಿನ ತಂತಿ ಎಳೆದು, ಅದರ ಮೇಲೆ ಜನರನ್ನು ಜಾರಿಬಿಡುವ ಸಾಹಸ ಕ್ರೀಡಾವನಗಳು ಈಚಿನ ವರ್ಷಗಳಲ್ಲಿ ನಮ್ಮ ಮಲೆನಾಡಿಗೂ ಬಂದಿವೆ. ಕೊಡಗು, ಚಿಕ್ಕಮಗಳೂರು, ದಾಂಡೇಲಿಯ ಕಡೆ ಪ್ರವಾಸ ಹೋದವರು ಇಂಥವನ್ನು ನೋಡಿರುತ್ತಾರೆ. ತಂತಿಯ ಮೇಲಿನ ಜಾರಾಟಕ್ಕೆ ಜಿಪ್‌ಲೈನ್ ಎಂದು ಹೆಸರು. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳ ಹಟಕ್ಕೆ ಮಣಿದು ನಾನೂ ಅಂಥದೊಂದು ಜಾಗಕ್ಕೆ ಹೋಗಿದ್ದೆ. ಹೋಗುವಾಗ ಮನಸ್ಸಿನಲ್ಲಿ ಇದ್ದದ್ದು ತಾತ್ಸಾರ. ಹಣ ಕೊಟ್ಟು ಮರ ಹತ್ತುವುದೆಂದರೇನು, ನಮ್ಮೂರಿನಲ್ಲಿ ಹಣ ಕೊಡುತ್ತೇವೆಂದರೂ ಮರ ಹತ್ತುವವರು ಸಿಗುವುದಿಲ್ಲವಲ್ಲ ಎಂದು ನಗೆಯಾಡಿದ್ದೆ. ಬರುವಾಗ ಆ ನಗು ಉಳಿದಿರಲಿಲ್ಲ. ಅಲ್ಲಿ ಕಂಡದ್ದನ್ನು ತೋಟಗಾರ ಬಾಂಧವರ ಮುಂದಿಡುವುದು ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅಲ್ಲಿಯ ಏರ್ಪಾಡು

ಚೀಟಿ ಕೊಂಡವರನ್ನು ನೇರವಾಗಿ ಮರ ಹತ್ತಿಸುವುದಿಲ್ಲ. ಮೊದಲು ತೂಕ ನೋಡುತ್ತಾರೆ. ತಲೆಗೆ ಗಟ್ಟಿ ಟೋಪಿ, ಸೊಂಟಕ್ಕೂ ಎರಡು ತೊಡೆಗಳಿಗೂ ಅಗಲವಾದ ಪಟ್ಟಿ ಬಿಗಿಯುತ್ತಾರೆ. ಪಟ್ಟಿ ಅಗಲವಾಗಿರುವುದಕ್ಕೆ ಕಾರಣವಿದೆ. ಜಾರಿ ನೇತಾಡಿದಾಗ ದೇಹದ ಭಾರ ಒಂದೇ ಕಡೆ ಬೀಳದೆ ತೊಡೆ, ಸೊಂಟಗಳಿಗೆ ಹಂಚಿಹೋಗಬೇಕು. ಪಟ್ಟಿಯಿಂದ ಎರಡು ಗಿಡ್ಡ ಹಗ್ಗಗಳು ಹೊರಟಿರುತ್ತವೆ. ಒಂದೊಂದರ ತುದಿಯಲ್ಲೂ ತಾನಾಗಿ ಮುಚ್ಚಿಕೊಳ್ಳುವ ಕೊಂಡಿ. ತಲೆಯ ಮೇಲೆ ಹಾದುಹೋಗುವ ಉಕ್ಕಿನ ತಂತಿಗೆ ಈ ಎರಡೂ ಕೊಂಡಿಗಳನ್ನು ಸಿಕ್ಕಿಸಬೇಕು. ಒಂದು ಮರ ಮುಗಿದು ಇನ್ನೊಂದು ಮರದ ತಂತಿಗೆ ಬದಲಾಯಿಸುವಾಗ ಮೊದಲು ಒಂದನ್ನು ಬಿಡಿಸಿ ಹೊಸ ತಂತಿಗೆ ಹಾಕಬೇಕು. ಅದು ಕೂತ ಮೇಲೆಯೇ ಎರಡನೆಯದನ್ನು ಬಿಡಿಸಬೇಕು. ಎರಡೂ ಕೊಂಡಿಗಳು ಒಟ್ಟಿಗೆ ಬಿಟ್ಟಿರುವ ಗಳಿಗೆಯೇ ಇರಬಾರದು. ಇಡೀ ವನದ ಕಾನೂನು ಈ ಒಂದು ಮಾತಿನಲ್ಲಿ ಅಡಗಿದೆ. ನೆಲದಿಂದ ಮೂರಡಿ ಎತ್ತರದ ತಂತಿಯ ಮೇಲೆ ಇದನ್ನು ಅಭ್ಯಾಸ ಮಾಡಿಸಿ, ತಪ್ಪಿದವರನ್ನು ತಿದ್ದಿ, ಆಮೇಲೆ ಮೇಲಕ್ಕೆ ಬಿಡುತ್ತಾರೆ.

ಮರಗಳಿಗೂ ಮರ್ಯಾದೆ ಇದೆ. ತಂತಿ ತೊಗಟೆಯನ್ನು ಕೊರೆಯದಂತೆ ನಡುವೆ ಮರದ ತುಂಡುಗಳನ್ನು ಇಟ್ಟಿದ್ದಾರೆ. ದಿನವೂ ಬೆಳಗ್ಗೆ ಒಬ್ಬ ನೌಕರ ಎಲ್ಲ ತಂತಿ, ಕೊಂಡಿ, ಹಗ್ಗಗಳನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುತ್ತಾನೆ. ಸವೆದ ಹಗ್ಗವನ್ನು ಕತ್ತರಿಸಿ ಎಸೆಯುತ್ತಾರೆ; ಇನ್ನೊಂದು ದಿನ ಬಳಸೋಣ ಎನ್ನುವಂತಿಲ್ಲ. ಮೇಲೆ ಯಾರಾದರೂ ಸಿಕ್ಕಿಕೊಂಡರೆ ಹತ್ತಿ ಇಳಿಸಲು ತರಬೇತಾದ ಆಳು ಸದಾ ಕೆಳಗೆ ನಿಂತಿರುತ್ತಾನೆ.

ಇದು ಒಂದೇ ದಿನ ಹುಟ್ಟಿದ ಶಿಸ್ತಲ್ಲ. ೧೯೭೦ರ ದಶಕದಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಮಳೆಕಾಡುಗಳಲ್ಲಿ ಮರದ ನೆತ್ತಿಯ ಜೀವಿಗಳನ್ನು ಅಭ್ಯಸಿಸಲು ವಿಜ್ಞಾನಿಗಳು ಹಗ್ಗದ ಮೇಲೆ ಓಡಾಡತೊಡಗಿದರು. ಮುಂದೆ ಅದೇ ವಿದ್ಯೆ ಪ್ರವಾಸಿಗಳ ಆಟವಾಯಿತು. ಯುರೋಪಿನಲ್ಲಿ ಇಂಥ ವನಗಳು ಹೆಚ್ಚಿದಾಗ ೨೦೦೭ರಲ್ಲಿ ಅವುಗಳ ರಚನೆಗೂ ನಡೆಸುವಿಕೆಗೂ ಪ್ರತ್ಯೇಕ ಗುಣಮಟ್ಟವನ್ನು ಗೊತ್ತುಮಾಡಲಾಯಿತು. ನಮ್ಮ ದೇಶದಲ್ಲಿಯೂ ೨೦೧೮ರಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ ಮಾರ್ಗಸೂಚಿ ಹೊರಟಿತು. ಅದರಲ್ಲಿ ತಂತಿ ಜಾರಾಟದ ವಿಷಯವೂ ಇದೆ. ಒಂದು ಗಂಟೆಯ ಆಟಕ್ಕೆ ಇಷ್ಟೆಲ್ಲ ಕಟ್ಟುಪಾಡು!

ಪಟ್ಟಿ ಕಟ್ಟಿದ ಹುಡುಗನ ಮಾತು

ಮೊಮ್ಮಕ್ಕಳಿಗೆ ಪಟ್ಟಿ ಬಿಗಿಯುತ್ತಿದ್ದ ಯುವಕನ ಕೈಚಳಕ ನೋಡಿ, ಯಾವ ಊರಪ್ಪ ಎಂದು ಕೇಳಿದೆ. ಅಡಿಕೆ ಸೀಮೆಯವನೇ. ಅವನ ತಂದೆ ಕೊನೆ ಕೊಯ್ಯುವವರು. "ನನಗೂ ಮರ ಹತ್ತಲು ಬರುತ್ತದೆ ಸರ್. ಆದರೆ ತೋಟಕ್ಕೆ ಹೋಗುವುದಿಲ್ಲ" ಎಂದ. ಸಂಬಳ ಹೆಚ್ಚೇ ಎಂದೆ. "ಕೊಯ್ಲಿನ ದಿನಗಳಲ್ಲಿ ಅಪ್ಪನ ಕೂಲಿಯೇ ಹೆಚ್ಚು. ಆದರೆ ಇಲ್ಲಿ ಕೈ ಜಾರಿದರೆ ಹಗ್ಗ ಹಿಡಿಯುತ್ತದೆ. ಅಲ್ಲಿ ಯಾರು ಹಿಡಿಯುತ್ತಾರೆ?" ಎಂದು ಕೇಳಿ, ಮುಂದಿನವರ ಪಟ್ಟಿ ಬಿಗಿಯಲು ಹೋದ.

ಹುಡುಗರಿಗೆ ದುಡಿಮೆ ಬೇಡ, ಮೈಗಳ್ಳರಾಗಿದ್ದಾರೆ ಎಂದು ನಾವು ದೂರುತ್ತೇವೆ. ಈ ಹುಡುಗ ದಿನವಿಡೀ ಮರದ ಮೇಲೆಯೇ ದುಡಿಯುತ್ತಾನೆ. ಅವನು ಬಿಟ್ಟದ್ದು ಮರವನ್ನಲ್ಲ, ಜೀವಕ್ಕೆ ಬೆಲೆಯಿಲ್ಲದ ಮರವನ್ನು. ತೋಟದಲ್ಲಿ ಆಳಿನ ಅಭಾವಕ್ಕೆ ನಾವು ಹೇಳುವ ಕಾರಣಗಳಲ್ಲಿ ಇದೂ ಒಂದೆಂದು ಒಪ್ಪಿಕೊಳ್ಳುವ ಕಾಲ ಬಂದಿದೆ.

ನಮ್ಮ ತೋಟದ ಸ್ಥಿತಿ

ಬೆಳೆದ ಅಡಿಕೆ ಮರ ನಲವತ್ತರಿಂದ ಅರವತ್ತು ಅಡಿ ಎತ್ತರವಿರುವುದು ಸಾಮಾನ್ಯ. ಕಾಲಿಗೆ ತಳೆ ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಏರಿದವನು ಒಂದು ಮರ ಮುಗಿದ ಮೇಲೆ ಇಳಿಯುವುದಿಲ್ಲ. ಪಕ್ಕದ ಮರವನ್ನು ಬಾಗಿಸಿ ಎಳೆದುಕೊಂಡು ನೆಲದ ಮೇಲೆ ಹೆಜ್ಜೆ ಇಟ್ಟಷ್ಟೇ ಸಲೀಸಾಗಿ ದಾಟುತ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕೆಲಸ ಇನ್ನೂ ಕಷ್ಟ. ಮಳೆ ಹಿಡಿಯುವ ಮೊದಲು ಒಂದು, ೪೦-೪೫ ದಿನಗಳ ನಂತರ ಇನ್ನೊಂದು, ಮಳೆ ಬಿಡದಿದ್ದರೆ ಮೂರನೆಯದು. ಆಗ ಮರದ ಮೈ ಪಾಚಿಗಟ್ಟಿ ಜಾರುತ್ತಿರುತ್ತದೆ. ಒಂದು ಕೈಯಲ್ಲಿ ಸಿಂಪರಣೆಯ ಕೊಳವೆ, ಮುಖಕ್ಕೆ ಮೈಲುತುತ್ತಿನ ಹನಿ.

ಲೆಕ್ಕ ಹಾಕಿ ನೋಡಿ. ಅರವತ್ತು ಅಡಿಯಿಂದ ಕಾಲು ತಪ್ಪಿದವನು ಎರಡು ಸೆಕೆಂಡಿನೊಳಗೆ ನೆಲ ಮುಟ್ಟುತ್ತಾನೆ. ಮುಟ್ಟುವಾಗ ವೇಗ ಗಂಟೆಗೆ ಸುಮಾರು ೬೮ ಕಿಲೋಮೀಟರ್. ಹೆದ್ದಾರಿಯಲ್ಲಿ ಓಡುವ ಬಸ್ಸಿನಿಂದ ಹೊರಕ್ಕೆ ಎಸೆದಂತೆಯೇ ಸರಿ. ಆ ಎರಡು ಸೆಕೆಂಡಿನಲ್ಲಿ ಅವನ ಅನುಭವ, ಧೈರ್ಯ, ಚಾಕಚಕ್ಯ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಚುಚ್ಚಿತು. ಉತ್ತರ ಕನ್ನಡದ ತೋಟಗಳಲ್ಲಿ ಕೊಯ್ದ ಕೊನೆಯನ್ನು ಮೇಲಿನಿಂದ ಕೆಳಕ್ಕೆ ಎಸೆಯುವುದಿಲ್ಲ. ಅಡಿಕೆ ಉದುರೀತು ಎಂದು ಹಗ್ಗದ ಮೇಲೆ ಜಾರಿಬಿಡುತ್ತಾರೆ. ಕೆಳಗೊಬ್ಬ ಅದರ ತುದಿ ಹಿಡಿದು ನಿಂತಿರುತ್ತಾನೆ. ಅಂದರೆ ಜಿಪ್‌ಲೈನ್ ನಮಗೆ ಹೊಸದಲ್ಲ, ನಮ್ಮ ಅಜ್ಜಂದಿರಿಗೇ ಗೊತ್ತಿತ್ತು. ಅಡಿಕೆ ಕೊನೆಗೆ ಪೆಟ್ಟಾಗಬಾರದೆಂದು ಹಗ್ಗ ಕಟ್ಟಿದ ನಾವು, ಅದನ್ನು ಕೊಯ್ದ ಮನುಷ್ಯನಿಗೆ ಹಗ್ಗ ಕಟ್ಟಲಿಲ್ಲ.

ಇದನ್ನು ಬೇರೆಯವರ ಮೇಲಿನ ಆರೋಪವಾಗಿ ಬರೆಯುತ್ತಿಲ್ಲ. ಎರಡು ಮಳೆಗಾಲದ ಹಿಂದೆ ನನ್ನ ತೋಟದಲ್ಲಿಯೇ ಔಷಧಿ ಹೊಡೆಯುವಾಗ ಒಬ್ಬರು ಬಿದ್ದರು. ಇಪ್ಪತ್ತೈದು ವರ್ಷಗಳಿಂದ ಮರ ಹತ್ತುತ್ತಿದ್ದವರು. ಆ ದಿನ ಬೆಳಗ್ಗೆ ಮಳೆ ನಿಂತು ಒಂದು ಗಂಟೆಯಾಗಿತ್ತಷ್ಟೆ. "ಮರ ಆರಲಿ, ಮಧ್ಯಾಹ್ನ ನೋಡೋಣ" ಎಂದು ಅವರು ಹೇಳಿದಾಗ, ಮತ್ತೆ ಮಳೆ ಬಂದರೆ ಕೆಲಸ ಕೆಟ್ಟೀತೆಂದು ಅವಸರಪಡಿಸಿದವನು ನಾನು. ಜೀವ ಉಳಿಯಿತು, ಬೆನ್ನುಮೂಳೆ ಉಳಿಯಲಿಲ್ಲ. ಆಸ್ಪತ್ರೆಯ ಖರ್ಚು ಕೊಟ್ಟೆ. ಆದರೆ ಅವರ ಮನೆಯ ಮುಂದೆ ಹಾದುಹೋಗುವಾಗ, ಜಗಲಿಯ ಮೇಲೆ ಕೂತ ಅವರು "ಕೊಳೆ ಹತೋಟಿಗೆ ಬಂತೇ?" ಎಂದು ಈಗಲೂ ವಿಚಾರಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದು ನನಗೆ ಸುಲಭವಾಗಿಲ್ಲ.

ಕೇಳಿಬರುವ ಆಕ್ಷೇಪಗಳು

ಪಟ್ಟಿ, ಹಗ್ಗ ಎಂದೊಡನೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಕೆಲಸ ನಿಧಾನವಾಗುತ್ತದೆ ಎಂಬುದು. ನಿಜ. ಮರದಿಂದ ಮರಕ್ಕೆ ದಾಟುವಾಗ ಕಟ್ಟು ಬದಲಾಯಿಸಲು ಹೊತ್ತು ಹಿಡಿಯುತ್ತದೆ. ಆದರೆ ಆ ಹೊತ್ತಿನ ಬೆಲೆಯನ್ನು ಯಾರು ಕೊಡಬೇಕು? ಮರಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡಿದರೆ ಹತ್ತುವವನು ತನ್ನ ಕೈಯಾರೆ ಹಗ್ಗವನ್ನು ಬಿಚ್ಚಿಡುತ್ತಾನೆ. ದಿನಗೂಲಿ ಮಾಡಿ, ಅಥವಾ ಮರದ ದರವನ್ನು ಏರಿಸಿ. ನಿಧಾನದ ನಷ್ಟವನ್ನು ತೋಟದ ಯಜಮಾನನೇ ಹೊರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು, ಅನುಭವಿಗಳಿಗೆ ಇದು ಬೇಡ, ಅವರೇ ಒಪ್ಪುವುದಿಲ್ಲ ಎಂಬುದು. ಸಾಹಸವನದಲ್ಲಿ ಹತ್ತು ವರ್ಷ ದುಡಿದ ನೌಕರನೂ ಕೊಂಡಿ ಹಾಕದೆ ಮೇಲೆ ನಿಲ್ಲುವುದಿಲ್ಲ. ಅನುಭವ ಕೈಗೆ ಇರುತ್ತದೆ. ಪಾಚಿಗೆ, ಗಾಳಿಗೆ, ಕಣಜದ ಗೂಡಿಗೆ ಇರುವುದಿಲ್ಲ. ಹಗ್ಗ ಕಟ್ಟಿಕೊಳ್ಳುವುದು ಹೇಡಿತನವಲ್ಲವೆಂದು ಯಜಮಾನನೇ ಮೊದಲು ಹೇಳಬೇಕು.

ಮೂರನೆಯದು ಖರ್ಚು. ಸಣ್ಣ ಹಿಡುವಳಿದಾರ ಒಬ್ಬನೇ ಕೊಳ್ಳುವುದು ಭಾರವೆನಿಸಬಹುದು. ಆದರೆ ಊರಿಗೊಂದು ಸಹಕಾರ ಸಂಘವಿದೆ. ಸಿಂಪರಣಾ ಯಂತ್ರವನ್ನು ಬಾಡಿಗೆಗೆ ಕೊಡುವ ಸಂಘವು ನಾಲ್ಕು ಜೊತೆ ಪಟ್ಟಿ, ಟೋಪಿಗಳನ್ನು ಇಟ್ಟುಕೊಳ್ಳಲಾರದೇ?

ಮಾಡಬೇಕಾದ್ದೇನು?

ಮೊದಲನೆಯದಾಗಿ, ಕೊಳ್ಳುವಾಗ ಗುಣಮಟ್ಟದ ಮುದ್ರೆ ನೋಡಬೇಕು. ಎತ್ತರದ ಕೆಲಸದ ಪಟ್ಟಿಗೆ ಭಾರತೀಯ ಮಾನಕ ೩೫೨೧, ಗಟ್ಟಿ ಟೋಪಿಗೆ ೨೯೨೫. ಸೊಂಟಕ್ಕೆ ಮಾತ್ರ ಸುತ್ತುವ ಪಟ್ಟಿಗಿಂತ ಭುಜ, ತೊಡೆಗಳನ್ನೂ ಹಿಡಿಯುವ ಪಟ್ಟಿ ಮೇಲು. ಅಡಿಕೆ ಮರಕ್ಕೆ ಕೊಂಬೆಯಿಲ್ಲ. ಆದ್ದರಿಂದ ಸುಮ್ಮನೆ ಸುತ್ತಿದ ಹಗ್ಗ ಮನುಷ್ಯನೊಡನೆ ತಾನೂ ಜಾರಿ ಕೆಳಗೆ ಬರುತ್ತದೆ. ಭಾರ ಬಿದ್ದೊಡನೆ ಮರಕ್ಕೆ ಬಿಗಿದುಕೊಳ್ಳುವ ಕಟ್ಟು ಬೇಕು. ಇದನ್ನು ಬಲ್ಲವರಿಂದ ಕಲಿತು, ಆಳೆತ್ತರದಲ್ಲಿ ಅಭ್ಯಾಸ ಮಾಡಿದ ಮೇಲೆಯೇ ಎತ್ತರಕ್ಕೆ ಹೋಗಬೇಕು.

ಎರಡನೆಯದಾಗಿ, ಒಬ್ಬನೇ ತೋಟದಲ್ಲಿ ಮರ ಹತ್ತುವ ಪದ್ಧತಿ ನಿಲ್ಲಬೇಕು. ಪಟ್ಟಿಯಲ್ಲಿ ಅಲುಗಾಡದೆ ಬಹಳ ಹೊತ್ತು ನೇತಾಡುವುದೂ ಅಪಾಯವೇ. ಕಾಲುಗಳಲ್ಲಿ ರಕ್ತ ನಿಂತು ಎಚ್ಚರ ತಪ್ಪಬಹುದು. ಬೇಗನೆ ಇಳಿಸಲು ಕೆಳಗೊಬ್ಬರು ಇರಲೇಬೇಕು.

ಮೂರನೆಯದಾಗಿ, ನೆಲದಲ್ಲಿಯೇ ನಿಂತು ಮಾಡಬಹುದಾದ ಕೆಲಸಕ್ಕೆ ಮರ ಹತ್ತಿಸಬಾರದು. ಇಂಗಾಲದ ನಾರಿನ ಹಗುರವಾದ ಉದ್ದ ದೋಟಿಗಳು ಈಗ ಬಂದಿವೆ. ಕೊಯ್ಲಿಗೂ ಸಿಂಪರಣೆಗೂ ಆಗುತ್ತವೆ. ಬೆಲೆ ಹತ್ತಾರು ಸಾವಿರವಾದರೂ ನಾಲ್ಕು ಮನೆಯವರು ಕೂಡಿ ಕೊಳ್ಳಬಹುದು. ಎಚ್ಚರಿಕೆ ಇಷ್ಟೆ: ಅಲ್ಯೂಮಿನಿಯಂ ದೋಟಿಯಂತೆ ಇಂಗಾಲದ ನಾರಿನ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತಂತಿ ಹಾದುಹೋಗುವ ಕಡೆ ಇದನ್ನು ಎತ್ತಲೇಬಾರದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಮನುಷ್ಯನನ್ನು ಕೂರಿಸಿಕೊಂಡು ಅಡಿಕೆ ಮರ ಏರುವ ಯಂತ್ರ ೨೦೧೯ರಲ್ಲಿ ದೇಶದ ಗಮನ ಸೆಳೆಯಿತು. ರೈತನೇ ದಾರಿ ಹುಡುಕಬಲ್ಲನೆಂಬುದಕ್ಕೆ ಅದು ಸಾಕ್ಷಿ. ಹೊಸದಾಗಿ ನೆಡುವವರು ಹಿರೇಹಳ್ಳಿ ಗಿಡ್ಡ ತಳಿಯಿಂದ ಪಡೆದ ವಿಟ್ಲದ ಗಿಡ್ಡ ಸಂಕರಣ ತಳಿಗಳನ್ನು ವಿಚಾರಿಸಬೇಕು. ಇಂದು ನೆಟ್ಟ ಗಿಡ್ಡ ಮರ ಮುಂದಿನ ತಲೆಮಾರಿನ ಒಂದು ಪ್ರಾಣ.

ನಾಲ್ಕನೆಯದಾಗಿ, ವಿಮೆ. ೨೦೧೫ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ೧೮ರಿಂದ ೭೦ ವರ್ಷದೊಳಗಿನ, ಬ್ಯಾಂಕ್ ಅಥವಾ ಅಂಚೆ ಖಾತೆಯುಳ್ಳ ಯಾರೂ ಸೇರಬಹುದು. ವರ್ಷದ ಕಂತು ೨೦ ರೂಪಾಯಿ. ಅಪಘಾತದಿಂದ ಮರಣ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ಎರಡು ಲಕ್ಷ, ಭಾಗಶಃ ಶಾಶ್ವತ ವೈಕಲ್ಯವಾದರೆ ಒಂದು ಲಕ್ಷ ರೂಪಾಯಿ. ನಿಮ್ಮ ತೋಟಕ್ಕೆ ಬರುವ ಪ್ರತಿಯೊಬ್ಬರ ಕಂತು ಕಟ್ಟಿದೆಯೇ ಎಂದು ಜೂನ್ ತಿಂಗಳಿಗೆ ಮೊದಲೇ ಕೇಳಿ. ಇಲ್ಲದಿದ್ದರೆ ಜೊತೆಗೆ ಹೋಗಿ ಮಾಡಿಸಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ೨೦೧೧ರಿಂದ ಯಂತ್ರದ ತರಬೇತಿ ಆರಂಭಿಸಿ, ವಿಮೆಯನ್ನೂ ಒದಗಿಸಿತು. ಅಡಿಕೆಯವರಿಗೂ ಅಷ್ಟೇ ವ್ಯಾಪಕವಾದ ಏರ್ಪಾಡನ್ನು ಬೆಳೆಗಾರರ ಸಂಘಗಳು ಒತ್ತಾಯಿಸಿ ಕೇಳಬೇಕು.

ತೋಟದಲ್ಲಿ ತಂತಿ ಕಟ್ಟುವವರಿಗೆ

ಪ್ರವಾಸಿಗಳಿಂದ ಆದಾಯ ಬರುವುದನ್ನು ಕಂಡು ತಮ್ಮ ತೋಟದಲ್ಲಿಯೂ ಜಾರುತಂತಿ ಕಟ್ಟಲು ಹೊರಟವರಿದ್ದಾರೆ. ಅದನ್ನು ನಾನು ವಿರೋಧಿಸುವುದಿಲ್ಲ. ಉಪ ಆದಾಯ ಯಾರಿಗೆ ಬೇಡ? ಆದರೆ ಅಡಿಕೆ ಮರ ಇದಕ್ಕೆ ಸಲ್ಲದು. ಸಿಲ್ವರ್ ಓಕ್ ಬೇಗ ಬೆಳೆದರೂ ಗಾಳಿಗೆ ಕೊಂಬೆ ಮುರಿಯುವ ಮರ. ತಂತಿಯ ಬಿಗಿತ ಬುಡವನ್ನೇ ಎಳೆಯುತ್ತದೆ. ಬಲ್ಲ ಎಂಜಿನಿಯರರ ಸಲಹೆ, ದಿನನಿತ್ಯದ ಪರೀಕ್ಷೆ, ತರಬೇತಾದ ಆಳು, ವಿಮೆ ಇವು ಇಲ್ಲದೆ ಅತಿಥಿಗಳನ್ನು ತಂತಿಗೆ ತೂಗುಹಾಕುವುದು ಮಹಾಪರಾಧ.

ಕೊನೆಯ ಮಾತು

ಪೇಟೆಯ ಮಗು ಇಪ್ಪತ್ತಡಿ ಎತ್ತರದಲ್ಲಿ ಆಡುವಾಗ ಎರಡು ಕೊಂಡಿ, ಒಂದು ಟೋಪಿ, ಕೆಳಗೆ ಕಾಯುವ ಆಳು. ನಮ್ಮ ಅನ್ನದ ದಾರಿಗಾಗಿ ಅರವತ್ತಡಿ ಏರುವವನಿಗೆ ಒಂದು ಹಾಳೆ ಟೋಪಿ. ಈ ವ್ಯತ್ಯಾಸ ಯಾವ ಧರ್ಮಕ್ಕೂ ಒಪ್ಪುವಂಥದಲ್ಲ. ಸಾಹಸವನದವರು ನಮಗಿಂತ ಕರುಣಾಳುಗಳೆಂದು ನಾನು ಹೇಳುತ್ತಿಲ್ಲ. ಒಬ್ಬ ಬಿದ್ದರೆ ವ್ಯಾಪಾರ ಮುಚ್ಚೀತೆಂಬ ಭಯ ಅವರಿಗಿದೆ. ನಮ್ಮ ತೋಟದಲ್ಲಿ ಒಬ್ಬ ಬಿದ್ದರೂ ಅಡಿಕೆಯ ವ್ಯಾಪಾರ ನಿಲ್ಲುವುದಿಲ್ಲ. ಆದ್ದರಿಂದಲೇ ಆ ಭಯವನ್ನು ನಾವು ನಾವಾಗಿಯೇ ತಂದುಕೊಳ್ಳಬೇಕಾಗಿದೆ.

ಈ ವರ್ಷ ನನ್ನ ತೋಟದಲ್ಲಿ ಎರಡು ಜೊತೆ ಪಟ್ಟಿ ಬಂದಿವೆ. ಕೂಲಿಯನ್ನು ದಿನದ ಲೆಕ್ಕಕ್ಕೆ ಬದಲಾಯಿಸಿದ್ದೇನೆ. ಮೊದಲನೆಯ ಔಷಧಿ ಮುಗಿಯಲು ಹೋದ ವರ್ಷಕ್ಕಿಂತ ಮೂರು ದಿನ ಹೆಚ್ಚು ಹಿಡಿಯಿತು. ಮಳೆ ಬಂದ ದಿನ ಮರ ಆರುವವರೆಗೆ ಎಲ್ಲರೂ ಜಗಲಿಯಲ್ಲಿ ಕೂತು ಚಹಾ ಕುಡಿದೆವು. ಓದುಗ ಬಾಂಧವರು ಈ ಮಳೆಗಾಲದಲ್ಲಿ ಇಷ್ಟನ್ನಾದರೂ ಮಾಡಿ ನೋಡಬೇಕೆಂದು ನನ್ನ ಪ್ರಾರ್ಥನೆ.