ಬುದ್ಧಿಯ ಬಾಟಲಿ, ಬಡವನ ಪಗಾರ

ಪರೀಕ್ಷೆಯ ದಿನಗಳು ಸಮೀಪಿಸಿದವೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಔಷಧಿ ಅಂಗಡಿಗಳಲ್ಲಿ ಒಂದು ಹೊಸ ಸುಗ್ಗಿ ಆರಂಭವಾಗುತ್ತದೆ. ಅದು ಜೋಳದ ಸುಗ್ಗಿಯಲ್ಲ, ತೊಗರಿಯ ಸುಗ್ಗಿಯೂ ಅಲ್ಲ. ತಂದೆತಾಯಿಗಳ ಭಯದ ಸುಗ್ಗಿ. ಮಗ ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದಾನೆಂಬ ಭಯ, ಮಗಳಿಗೆ ಮೊರಾರ್ಜಿ ಶಾಲೆಯಲ್ಲಿ ಸ್ಥಳ ಸಿಗಲಾರದೆಂಬ ಭಯ, ಮುಪ್ಪಿನ ತಾಯಿ ಹೆಸರುಗಳನ್ನು ಮರೆಯಹತ್ತಿದಳೆಂಬ ಭಯ. ಈ ಭಯಕ್ಕೆ ಬಾಟಲಿಯಲ್ಲಿ ಉತ್ತರವಿದೆಯೆಂದು ವ್ಯಾಪಾರಿ ಕಂಪನಿಗಳು ಸಾರುತ್ತವೆ. ಗಿರಣಿಯಲ್ಲಿ ದಿನವಿಡೀ ಹತ್ತಿಯ ಧೂಳು ಕುಡಿದ ಕೂಲಿಕಾರನು ಪಗಾರ ಎಣಿಸಿಕೊಟ್ಟು 'ನೆನಪಿನ ಶಕ್ತಿ'ಯನ್ನು ಮನೆಗೊಯ್ಯುತ್ತಾನೆ. ಇದು ಔಷಧೋಪಚಾರವೇ, ಹಗಲುದರೋಡೆಯೇ? ನಾವು ಎರಡನೆಯದೆಂದೇ ಹೇಳುತ್ತೇವೆ, ಕಾರಣವನ್ನೂ ಹೇಳುತ್ತೇವೆ.

2008ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯು ಹಾರ್ಲಿಕ್ಸಿನ ಒಂದು ಟೆಲಿವಿಷನ್ ಜಾಹೀರಾತನ್ನು ಅಲ್ಲಿ ತೋರಿಸಕೂಡದೆಂದು ತೀರ್ಪು ಕೊಟ್ಟಿತು. ಅದನ್ನು ಕುಡಿದ ಮಕ್ಕಳು ಹೆಚ್ಚು ಎತ್ತರ, ಹೆಚ್ಚು ಗಟ್ಟಿ, ಹೆಚ್ಚು ಚುರುಕು ಆಗುತ್ತಾರೆಂಬ ಮಾತು ಅಲ್ಲಿ ನಿಲ್ಲಲಿಲ್ಲ. ಆ ಜಾಹೀರಾತು ಬಾಂಗ್ಲಾದೇಶಕ್ಕೆಂದು ಮಾಡಿದ್ದು ಎಂಬುದು ಕಂಪನಿಯ ಸಮಜಾಯಿಷಿ. ಓದುಗರು ಗಮನಿಸಬೇಕು: ಲಂಡನ್ನಿನ ಮಗುವಿಗೆ ಹೇಳಕೂಡದ ಮಾತನ್ನು ಢಾಕಾದ ಮಗುವಿಗೂ ಸಿಂದಗಿಯ ಮಗುವಿಗೂ ಹೇಳಬಹುದೇ? 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪುಡಿಗಳನ್ನು 'ಆರೋಗ್ಯ ಪೇಯ'ಗಳ ಸಾಲಿನಿಂದ ತೆಗೆಯಬೇಕೆಂದು ಆನ್‌ಲೈನ್ ವ್ಯಾಪಾರಿಗಳಿಗೆ ತಿಳಿಸಿತು. ಕಾಯ್ದೆಯಲ್ಲಿ 'ಆರೋಗ್ಯ ಪೇಯ'ವೆಂಬುದೇ ಇಲ್ಲ! ಇಲ್ಲದ ಹೆಸರಿನಲ್ಲಿ ಎಷ್ಟು ವರ್ಷ ವ್ಯಾಪಾರ ನಡೆಯಿತು?

ಮುಪ್ಪಿನವರ ಮಾತಿಗೆ ಬರೋಣ. ಮರೆವಿನ ರೋಗವನ್ನು ತಡೆಯುವುದಕ್ಕೆಂದು ಬಿ ಜೀವಸತ್ವ, ಇ ಜೀವಸತ್ವ, ಮೀನೆಣ್ಣೆಯಂಥ ಕೊಬ್ಬಿನ ಗುಳಿಗೆಗಳನ್ನು ಶಿಫಾರಸು ಮಾಡಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸ್ಪಷ್ಟವಾಗಿ ಹೇಳಿತು. ಗಿಂಕೋ ಎಂಬ ಗಿಡದ ಸಾರವನ್ನು ಅಮೆರಿಕದಲ್ಲಿ 75 ವರ್ಷ ದಾಟಿದ 3,069 ಜನರ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿದರು. ಅರ್ಧ ಜನಕ್ಕೆ ಗಿಂಕೋ, ಅರ್ಧ ಜನಕ್ಕೆ ಹುಸಿ ಗುಳಿಗೆ. 2008ರಲ್ಲಿ ಫಲಿತಾಂಶ ಬಂತು: ಗಿಂಕೋ ಮರೆವನ್ನು ತಡೆಯಲಿಲ್ಲ. ನಮ್ಮ ಬ್ರಾಹ್ಮಿಯ ಕಥೆಯೇನು? ಕೆಲವು ಸಣ್ಣ ಪ್ರಯೋಗಗಳಲ್ಲಿ, ಸುಮಾರು ಹನ್ನೆರಡು ವಾರ ಸೇವಿಸಿದ ಮೇಲೆ, ನೆನಪಿನಲ್ಲಿ ಅಲ್ಪ ಸುಧಾರಣೆ ಕಂಡದ್ದುಂಟು. ಆದರೆ ಹದಿನೈದು ದಿನಗಳಲ್ಲಿ ಪಾಸು ಮಾಡಿಸುವ ಗಿಡ ಭೂಮಿಯ ಮೇಲೆ ಬೆಳೆದಿಲ್ಲ. ಇನ್ನೊಂದು ತೊಡಕು: ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಎನ್ನುತ್ತಾರೆ, ಅವು ಬೇರೆ ಬೇರೆ ಗಿಡಗಳು. ಬಾಟಲಿಯಲ್ಲಿ ಯಾವುದಿದೆಯೆಂದು ಕೊಳ್ಳುವವನಿಗೂ ಗೊತ್ತಿಲ್ಲ, ಅನೇಕ ಸಲ ಮಾರುವವನಿಗೂ ಗೊತ್ತಿಲ್ಲ.

ಹಾಗಾದರೆ ಎಲ್ಲ ಗುಳಿಗೆಯೂ ಸುಳ್ಳೇ? ಅಲ್ಲ. ಕೊರತೆ ಇದ್ದವನಿಗೆ ಗುಳಿಗೆ ಮದ್ದು. ಕೊರತೆ ಇಲ್ಲದವನಿಗೆ ಅದು ಬರಿಯ ಖರ್ಚು. ಇದೊಂದನ್ನು ಮನಸ್ಸಿನಲ್ಲಿಟ್ಟರೆ ಅರ್ಧ ಮೋಸ ನಿಲ್ಲುತ್ತದೆ.

ನಮ್ಮ ಜನಕ್ಕೆ ಇರತಕ್ಕ ನಿಜವಾದ ಕೊರತೆಗಳು ಮೂರು. ಮೊದಲನೆಯದು ಕಬ್ಬಿಣದ್ದು. ರಕ್ತ ಕಡಿಮೆಯಾದ ಮಗು ತರಗತಿಯಲ್ಲಿ ತೂಕಡಿಸುತ್ತದೆ. ಅದನ್ನು ದಡ್ಡನೆಂದು ಬಡಿಯುತ್ತೇವೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆ, ಸಣ್ಣವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿಯದು, ಪುಕ್ಕಟೆ ಬರುತ್ತದೆ. ಎರಡನೆಯದು ಅಯೋಡಿನ್. ಗರ್ಭದಲ್ಲಿಯೇ ಮಗುವಿನ ಮೆದುಳಿಗೆ ಬೇಕಾದ ಈ ವಸ್ತು ಒಂದು ಪೊಟ್ಟಣ ಅಯೋಡಿನ್ ಉಪ್ಪಿನಲ್ಲಿದೆ. ಮೂರನೆಯದು ಬಿ12. ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ ಮಾತ್ರ. ಆದರೆ ಅದು ರೊಟ್ಟಿಯಲ್ಲಿಲ್ಲ, ಪಲ್ಲೆಯಲ್ಲಿಲ್ಲ. ಹಾಲು, ಮೊಸರು, ತತ್ತಿ, ಮೀನು, ಮಾಂಸಗಳಲ್ಲಿದೆ. ಹಾಲು ಮೊಸರು ಕೊಳ್ಳಲಾಗದ ಶಾಕಾಹಾರಿ ಬಡವನಿಗೆ ಕಾಲು ಜೋಮು, ಮರೆವು, ಮಂಕು ಬರುತ್ತವೆ. ಸಕ್ಕರೆ ರೋಗಕ್ಕೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಅಂಗಡಿಕಾರನಿಗೂ ಇದೇ ಗಂಡಾಂತರ. ಇಂಥವರು ರಕ್ತ ಪರೀಕ್ಷೆ ಮಾಡಿಸಬೇಕು. ಕೊರತೆ ಕಂಡರೆ ಸಾದಾ ಬಿ12 ಗುಳಿಗೆ ಅಥವಾ ಸೂಜಿ ಸಾಕು. ಬಣ್ಣದ ಡಬ್ಬಿ ಬೇಕಿಲ್ಲ.

'ತಿಂದರೆ ನಷ್ಟವೇನು?' ಎಂದು ಕೆಲವರು ಕೇಳುತ್ತಾರೆ. ನಷ್ಟವಿದೆ. ಬಿ12 ಕಡಿಮೆಯಿದ್ದವನು ಬರಿಯ ಫೋಲಿಕ್ ಆಮ್ಲ ಹೆಚ್ಚಾಗಿ ತಿಂದರೆ ರಕ್ತ ಸರಿಯಾದಂತೆ ಕಾಣುತ್ತದೆ, ಒಳಗೆ ನರ ಕೆಡುತ್ತಲೇ ಹೋಗುತ್ತದೆ. ಬಿ6 ಅತಿಯಾದರೆ ಅದೇ ನರಗಳನ್ನು ಕೆಡಿಸುತ್ತದೆ. ರಕ್ತ ತೆಳುಮಾಡುವ ಔಷಧ ತಿನ್ನುವವನು ಗಿಂಕೋ ತಿಂದರೆ ರಕ್ತಸ್ರಾವದ ಭಯ. ಅಶ್ವಗಂಧದಿಂದ ಕೆಲವರ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಗರ್ಭಿಣಿಯರು ಅದರ ಗೊಡವೆಗೆ ಹೋಗಬಾರದು. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಸರಕುಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸವು ಮಕ್ಕಳ ಬುದ್ಧಿಯನ್ನೇ ತಿನ್ನುವ ವಿಷ. ಬುದ್ಧಿಗೆಂದು ಕೊಟ್ಟದ್ದು ಬುದ್ಧಿಯನ್ನು ತಿಂದರೆ ಯಾರ ಮುಂದೆ ಅಳಬೇಕು?

ಆದಕಾರಣ ಕೊಳ್ಳಲೇಬೇಕಾದವರು ಇಷ್ಟನ್ನು ಪಾಲಿಸತಕ್ಕದ್ದು. ಮೊದಲು ಸರಕಾರಿ ದವಾಖಾನೆಯ ವೈದ್ಯರಿಗೆ ತೋರಿಸಿ, ತಿನ್ನುತ್ತಿರುವ ಇತರ ಔಷಧಗಳನ್ನೆಲ್ಲ ಹೇಳಬೇಕು. ಡಬ್ಬಿಯ ಮುಂಭಾಗವಲ್ಲ, ಹಿಂಭಾಗ ಓದಬೇಕು: ಪ್ರತಿಯೊಂದು ವಸ್ತುವಿನ ಹೆಸರು, ಪ್ರಮಾಣ, ತಯಾರಕನ ವಿಳಾಸ, ತೀರುವ ತಾರೀಖು ಇರಬೇಕು. ಆಹಾರ ಪೂರಕವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು ಇರಬೇಕು; ಆಯುರ್ವೇದ ಔಷಧವಾದರೆ ತಯಾರಿಕೆಯ ಲೈಸೆನ್ಸ್ ನಂಬರು ಇರಬೇಕು. ನಂಬರು ಇದ್ದ ಮಾತ್ರಕ್ಕೆ ಗುಣವಿದೆಯೆಂದಲ್ಲ, ಇಲ್ಲದಿದ್ದರೆ ಮುಟ್ಟಲೇಬಾರದು. ಪೂರಕದ ಡಬ್ಬಿಯ ಮೇಲೆ 'ಔಷಧೀಯ ಬಳಕೆಗಲ್ಲ' ಎಂಬರ್ಥದ ಇಂಗ್ಲಿಷ್ ಸಾಲೊಂದು ಇರಲೇಬೇಕೆಂದು ನಿಯಮವಿದೆ. ಮುಂದೆ ದೊಡ್ಡಕ್ಷರದಲ್ಲಿ ಮಾತು, ಹಿಂದೆ ಸಣ್ಣಕ್ಷರದಲ್ಲಿ ಸತ್ಯ! ಸಂತೆಯಲ್ಲಿ ಹೆಸರಿಲ್ಲದ ಪುಡಿ ಕೊಳ್ಳಬಾರದು. ಕಬ್ಬಿಣದ ಗುಳಿಗೆಯನ್ನು ಕೂಸುಗಳ ಕೈಗೆ ಸಿಗದಂತೆ ಇಡಬೇಕು. ಒಮ್ಮೆಲೇ ಬಹಳ ನುಂಗಿದರೆ ಜೀವಕ್ಕೇ ಅಪಾಯ.

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಕಮಿಶನ್ನಿನ ಆಸೆಗೆ ಪೇಟೆಯ ಏಜೆಂಟನು ಬಿಲ್ಲಿಲ್ಲದೆ ಇಳಿಸಿಹೋದ ಸರಕಿಗೆ ನಾಳೆ ಉತ್ತರ ಕೊಡಬೇಕಾದವರು ನೀವೇ. ತಯಾರಕನ ಗುರುತಿಲ್ಲದ್ದನ್ನು, ಅವಧಿ ಮೀರಿದ್ದನ್ನು ಮಾರಿದವನನ್ನು 2006ರ ಆಹಾರ ಸುರಕ್ಷತಾ ಕಾಯ್ದೆ ಹೊಣೆಗಾರನನ್ನಾಗಿ ಮಾಡುತ್ತದೆ. ತಪ್ಪು ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ಮೆದುಳಿನ ರೋಗ ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಹಾಕುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಪಕ್ಕಾ ಬಿಲ್ಲಿಲ್ಲದ ಸರಕನ್ನು ಅಂಗಡಿಯ ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸಿರಿ. ಗಿರಾಕಿಯ ನಂಬಿಕೆಯೇ ನಿಮ್ಮ ಬಂಡವಾಳ.

ಮೆದುಳನ್ನು ನಿಜವಾಗಿ ಕಾಯುವ ವಸ್ತುಗಳನ್ನು ಯಾವ ಕಂಪನಿಯೂ ಜಾಹೀರು ಮಾಡುವುದಿಲ್ಲ. ರಕ್ತದೊತ್ತಡ, ಸಕ್ಕರೆ ರೋಗಗಳ ಹತೋಟಿ, ತಂಬಾಕು ಬಿಡುವುದು, ಓದು, ನಡಿಗೆ. 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಆಯೋಗವು ಮರೆವಿನ ರೋಗಕ್ಕೆ ದಾರಿಮಾಡುವ, ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವುಡು ಅವುಗಳಲ್ಲೊಂದು. ಗಿರಣಿಯ ಗದ್ದಲದಲ್ಲಿ ಇಪ್ಪತ್ತು ವರ್ಷ ದುಡಿದು ಕಿವಿ ಕಳೆದುಕೊಂಡವನಿಗೆ ಮಾಲಕನು ಕಿವಿಯ ರಕ್ಷಕ ಕೊಟ್ಟನೇ? 2023ರಲ್ಲಿ ನಮ್ಮ ರಾಜ್ಯವು ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ವಾರಕ್ಕೆ 48 ತಾಸಿನ ಮಿತಿಯೊಳಗೆ, ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ತೆರೆಯಿತು. ನಿದ್ದೆಯನ್ನು ಕಸಿದುಕೊಂಡು ನೆನಪಿನ ಗುಳಿಗೆಯನ್ನು ಮಾರುವುದು, ಇದೇ ಬಂಡವಾಳಶಾಹಿಯ ವೈದ್ಯಶಾಸ್ತ್ರ!

2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ತತ್ತಿ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ಗದ್ದಲವೆಬ್ಬಿಸಿದರು. ಬುದ್ಧಿಯ ಬಾಟಲಿಯ ವಿರುದ್ಧ ಅಂಥ ಗದ್ದಲ ಏಕಿಲ್ಲ? ತತ್ತಿ ಬೇಡವೆಂದ ಮಗುವಿಗೆ ಬಾಳೆಹಣ್ಣು ಕೊಟ್ಟರೆ ಹೊಟ್ಟೆ ತುಂಬೀತು, ಬಿ12 ಬರಲಾರದು. ಹಾಲೂ ತಪ್ಪದೆ ಸಿಗಬೇಕು. ಮನೆಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಲೆ, ಅಗಸಿ ಹಿಂಡಿ ಇರಲಿ. ಪಲ್ಲೆಯ ಮೇಲೆ ಇಂಡಿಯ ಲಿಂಬೆಯನ್ನು ಹಿಂಡಿದರೆ ಅದರ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆ ಚಹಾ ಬೇಡ. ಅದು ಕಬ್ಬಿಣವನ್ನು ತಡೆಯುತ್ತದೆ.

ನಮ್ಮ ಬೇಡಿಕೆಗಳು ಸರಳ. ನಾಲ್ಕೂ ತಾಲೂಕು ದವಾಖಾನೆಗಳಲ್ಲಿ ಬಿ12 ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ ಸಿಗಬೇಕು. ಶಾಲೆಯ ಕಬ್ಬಿಣದ ಗುಳಿಗೆ, ಹಾಲು, ತತ್ತಿ ಒಂದು ವಾರವೂ ತಪ್ಪಕೂಡದು. ಆಹಾರ ಸುರಕ್ಷತಾ ಅಧಿಕಾರಿಗಳು ಪರೀಕ್ಷೆಯ ದಿನಗಳಿಗೆ ಮುಂಚೆ ಈ ಡಬ್ಬಿಗಳ ಮಾದರಿ ತೆಗೆದು, ಫಲಿತಾಂಶವನ್ನು ಕನ್ನಡದಲ್ಲಿ ತಹಶೀಲ್ದಾರ ಕಚೇರಿಯ ಮುಂದೆ ಹಚ್ಚಬೇಕು. ಗಿರಣಿಗಳಲ್ಲಿ ಕಿವಿಯ ರಕ್ಷಕ ಕಡ್ಡಾಯವಾಗಬೇಕು. ಕಾಯಕದ ಮಹಿಮೆ ಸಾರಿದ ಬಸವಣ್ಣನವರು ಹುಟ್ಟಿದ ನೆಲದಲ್ಲಿ ಕಾಯಕ ಮಾಡುವವನ ಮಗುವಿನ ಬುದ್ಧಿ ಅಂಗಡಿಯ ಸರಕಾಗಕೂಡದು. ಬಾಟಲಿಗೆ ಕೊಡುವ ಹಣವನ್ನು ಹಾಲಿಗೆ ಕೊಡಿರಿ. ಸಂಘ ಕಟ್ಟಿ ಉಳಿದದ್ದನ್ನು ಸರಕಾರದಿಂದ ಕೇಳಿ ಪಡೆಯಿರಿ.